ಮಿನಾಕ್ಸಿಡಿಲ್ ಕೊಬ್ಬಿನೊಳಗೆ ನಿಲ್ಲಬೇಕಲ್ಲ

ಕೂದಲು ಬೆಳೆಯಲೆಂದು ನೆತ್ತಿಗೆ ಹಚ್ಚುವ ಔಷಧಿ ಮಿನಾಕ್ಸಿಡಿಲ್ ನೀರಿಗೂ ಸರಿಯಾಗಿ ಒಗ್ಗದು, ಎಣ್ಣೆಗೂ ಒಗ್ಗದು. ಒಂದು ಮಿಲಿಲೀಟರ್ ನೀರಿನಲ್ಲಿ ಕರಗುವುದು ಸುಮಾರು 2 ಮಿಲಿಗ್ರಾಂ ಅಷ್ಟೆ. 5% ದ್ರಾವಣಗಳಲ್ಲಿ ಆಲ್ಕೋಹಾಲ್ ಮತ್ತು ಪ್ರೊಪಿಲಿನ್ ಗ್ಲೈಕಾಲ್ ಅಷ್ಟೊಂದು ಇರುವುದು ಅದಕ್ಕೇ. ಆಲ್ಕೋಹಾಲ್ ಆರಿದ ಮೇಲೆ ನೆತ್ತಿಯಲ್ಲಿ ಬಿಳಿ ಪುಡಿ ಉಳಿಯುತ್ತದೆ. ತುರಿಕೆಗೆ ಹಲವು ಸಲ ಗ್ಲೈಕಾಲೇ ಕಾರಣ. ಇವೆರಡೂ ಬೇಡವೆಂದು ಔಷಧಿಯನ್ನು ಲಿಪಿಡ್ ನ್ಯಾನೊಕಣಕ್ಕೆ (ಕೊಬ್ಬಿನ ಅತಿಸಣ್ಣ ಕಣಕ್ಕೆ) ತುಂಬುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಪ್ರಯೋಗಾಲಯದ ಕೆಲಸವಿದು, ಮನೆಯಲ್ಲಿ ಮಾಡಿ ತಲೆಗೆ ಹಚ್ಚಿಕೊಳ್ಳುವುದಲ್ಲ.

100 ಗ್ರಾಂಗೆ ನಾನು ಹಾಕುವುದು: ಮಿನಾಕ್ಸಿಡಿಲ್ 0.5 ಗ್ರಾಂ, ಗಟ್ಟಿ ಕೊಬ್ಬಾದ ಗ್ಲಿಸರಿಲ್ ಪಾಮಿಟೊಸ್ಟಿಯರೇಟ್ 7 ಗ್ರಾಂ, ದ್ರವ ಕೊಬ್ಬಾದ ಓಲಿಯಿಕ್ ಆಮ್ಲ 3 ಗ್ರಾಂ, ಕೊಬ್ಬು ನೀರಿನಲ್ಲಿ ಬೆರೆತಿರಲು ‘ಪೊಲೊಕ್ಸಾಮರ್ 188’ 2 ಗ್ರಾಂ ಮತ್ತು ‘ಪಾಲಿಸಾರ್ಬೇಟ್ 80’ 1 ಗ್ರಾಂ, ಉಳಿದದ್ದು ನೀರು. ಓಲಿಯಿಕ್ ಆಮ್ಲ ಇಲ್ಲದಿದ್ದರೆ ಈ ಔಷಧಿ ಕರಗಿದ ಕೊಬ್ಬಿನಲ್ಲಿ ಕೂರುವುದೇ ಕಷ್ಟ. ಹೊಸ ಲಿಪಿಡ್ ಹಿಡಿದಾಗ ಮೊದಲು ಒಂದು ಗ್ರಾಂ ಕರಗಿಸಿ, ಔಷಧಿಯನ್ನು ಚಿಟಿಕೆ ಚಿಟಿಕೆಯಾಗಿ ತೂಗಿ ಹಾಕುತ್ತಾ ಎಲ್ಲಿ ಮಬ್ಬಾಗುತ್ತದೆ ನೋಡಿ. ಆ ಗಡಿ ದಾಟಿ ತುಂಬಿದ್ದೆಲ್ಲ ಆಮೇಲೆ ಹರಳಾಗಿ ಹೊರಬೀಳುತ್ತದೆ.

ಕೊಬ್ಬಿನ ಭಾಗವನ್ನೂ ಪೊಲೊಕ್ಸಾಮರ್, ಪಾಲಿಸಾರ್ಬೇಟ್ ಕರಗಿಸಿದ ನೀರನ್ನೂ ಬೇರೆಬೇರೆಯಾಗಿ 75 ಡಿಗ್ರಿಗೆ ತರಬೇಕು. ನೀರು ಸ್ವಲ್ಪ ತಣ್ಣಗಿದ್ದರೂ ಬೀಕರಿನ ಅಂಚಿಗೆ ಮೇಣದಂಥ ಉಂಡೆ ಕಟ್ಟುತ್ತದೆ. ನೀರನ್ನು ಕೊಬ್ಬಿಗೆ ಸುರಿದು 10,000 ಆರ್‌ಪಿಎಂನಲ್ಲಿ 5 ನಿಮಿಷ ಹೋಮೊಜಿನೈಸ್ ಮಾಡಿ (ರಭಸವಾಗಿ ಕಲಕಿ ಒಂದಾಗಿಸಿ), ಬಿಸಿ ಇರುವಾಗಲೇ ಶ್ರವಣಾತೀತ ಕಂಪನದಿಂದ ಹನಿಗಳನ್ನು ಒಡೆಯುವ ಪ್ರೋಬ್ ಸೋನಿಕೇಟರ್ ಹಿಡಿಯುತ್ತೇನೆ. ಎಷ್ಟು ಹೊತ್ತು ಎನ್ನುವುದರಲ್ಲೇ ಹೆಚ್ಚಿನವರು ಎಡವುವುದು. ಸಣ್ಣದಾದಷ್ಟೂ ಒಳ್ಳೆಯದು ಎಂಬ ಲೆಕ್ಕ ಕೂದಲು ಹುಟ್ಟುವ ಗುಳಿಗೆ, ಅಂದರೆ ಫಾಲಿಕಲ್‌ಗೆ ಹೊಂದುವುದಿಲ್ಲ. ಆಳಕ್ಕೆ ಇಳಿಯುವುದು 300ರಿಂದ 600 ನ್ಯಾನೊಮೀಟರ್ ಕಣಗಳು. ಕೂದಲ ಮೇಲಿನ ಚಿಪ್ಪುಗಳ ದಪ್ಪವೂ ಹತ್ತಿರಹತ್ತಿರ ಅಷ್ಟೇ, ಕೂದಲು ಅಲುಗಿದಂತೆ ಅವು ಕಣವನ್ನು ಒಳಕ್ಕೆ ತಳ್ಳುತ್ತವೆ ಎಂಬುದು ವಿವರಣೆ. ಹಾಗಾಗಿ ಅರ್ಧರ್ಧ ನಿಮಿಷಕ್ಕೆ ನಿಲ್ಲಿಸಿ ಅಳೆದು, 350ರ ಆಸುಪಾಸಿಗೆ ಬಂದಾಗ ಕೈಬಿಡುತ್ತೇನೆ. ಕಣಗಳ ಗಾತ್ರ ಎಷ್ಟು ಏರುಪೇರಾಗಿದೆ ಎನ್ನುವ ಅಂಕಿ, ಪಿಡಿಐ, 0.3 ದಾಟಿದರೆ ಸರಾಸರಿ ಗಾತ್ರವನ್ನು ನಂಬುವುದಿಲ್ಲ. ಪ್ರೋಬಿನ ತುದಿ ಸವೆದು ಟೈಟಾನಿಯಂ ಚೂರು ಉದುರುತ್ತದೆ. ತಳದಲ್ಲಿ ಬೂದು ಗಸಿ ಕಂಡರೆ ಅದೇ.

ಕಣದೊಳಗೆ ಎಷ್ಟು ಔಷಧಿ ನಿಂತಿದೆ ಎಂದು ನೋಡಲು ಕಣಗಳನ್ನು ತಡೆದು ನೀರನ್ನಷ್ಟೇ ಬಿಡುವ ಅಲ್ಟ್ರಾಫಿಲ್ಟರ್ ಟ್ಯೂಬಿನಲ್ಲಿ ತಿರುಗಿಸಿ, ಕೆಳಗಿಳಿದ ನೀರಿನಲ್ಲಿರುವುದನ್ನು ದ್ರವದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ಅಳೆದು, ಒಟ್ಟಿನಿಂದ ಕಳೆಯುವುದು ರೂಢಿ. 95% ಬಂತೆಂದು ಹಿಗ್ಗಬೇಡಿ. ಹರಳುಗಳೂ ಫಿಲ್ಟರಿನ ಮೇಲೆಯೇ ಉಳಿಯುತ್ತವೆ, ಲೆಕ್ಕದಲ್ಲಿ ಅವೂ ‘ಒಳಗಿರುವ’ ಔಷಧಿಯೇ. ಆಕ್ಟನಾಲ್ (ಕೊಬ್ಬಿನ ಬದಲಿಗೆ ಬಳಸುವ ದ್ರವ) ಮತ್ತು ನೀರಿನ ನಡುವೆ ಔಷಧಿ ಹಂಚಿಕೊಳ್ಳುವ ಅಂಕಿಯಂತೆ ಮಿನಾಕ್ಸಿಡಿಲ್ ನೀರಿಗಿಂತ ಕೊಬ್ಬಿನ ಕಡೆಗೆ ಒಲಿಯುವುದು ಸುಮಾರು 17 ಪಟ್ಟು. 10 ಗ್ರಾಂ ಕೊಬ್ಬು, 86 ಗ್ರಾಂ ನೀರಿಗೆ ಅದನ್ನು ಹಚ್ಚಿದರೆ ಒಳಗೆ ನಿಲ್ಲುವುದು ಮೂರರಲ್ಲಿ ಎರಡು ಪಾಲು. ಓಲಿಯಿಕ್ ಆಮ್ಲ ಇನ್ನಷ್ಟು ಹಿಡಿದಿಟ್ಟೀತು, ಆದರೂ 95 ಕಂಡರೆ ನಾನು ಮೊದಲು ಸಂಶಯಪಡುತ್ತೇನೆ. ನಿಧಾನವಾಗಿ ಒಮ್ಮೆ ಸೆಂಟ್ರಿಫ್ಯೂಜ್ ಮಾಡಿ ತಳದ ಹನಿಯನ್ನು ಪೋಲರೈಸ್ಡ್ ಬೆಳಕಿನ ಸೂಕ್ಷ್ಮದರ್ಶಕದಡಿ ಇಟ್ಟರೆ, ಕಪ್ಪು ಹಿನ್ನೆಲೆಯಲ್ಲಿ ಸೂಜಿಗಳು ಹೊಳೆಯುತ್ತವೆ. ಮೊದಲ ದಿನ ಒಂದೂ ಇರದಿದ್ದರೂ ತಿಂಗಳ ನಂತರ ಮತ್ತೆ ನೋಡಿ: ಲಿಪಿಡ್ ತನ್ನ ಸ್ಫಟಿಕ ರೂಪ ಬದಲಿಸಿ ಬಿಗಿಯಾಗುತ್ತಾ ಔಷಧಿಯನ್ನು ಹೊರದಬ್ಬುತ್ತದೆ.

ಜೆಲ್‌ಗೆ 1% ಕಾರ್ಬೊಮರ್ (ನೀರನ್ನು ಗಟ್ಟಿ ಮಾಡುವ ಪಾಲಿಮರ್). ಅದನ್ನು ಮೊದಲೇ ಟ್ರೈಎಥನಾಲಮೈನ್ ಎಂಬ ಕ್ಷಾರ ಹಾಕಿ ಪಿಎಚ್ 6.5ಕ್ಕೆ ತಂದು, ಆಮೇಲೆ ಕಣಗಳ ದ್ರವವನ್ನು ಅದಕ್ಕೆ ಸಮಪಾಲು ಬೆರೆಸಬೇಕು. ಹುಳಿ ಜೆಲ್‌ಗೆ ಸುರಿದರೆ ಮಿನಾಕ್ಸಿಡಿಲ್ ಪ್ರೋಟಾನ್ ಹಿಡಿದು ನೀರಿಗೆ ಜಾರುತ್ತದೆ. ಪರಿಮಳಕ್ಕೆಂದು ಆಲ್ಕೋಹಾಲ್ ಸೇರಿಸಿದರಂತೂ ಪಟ್ಟ ಶ್ರಮವೆಲ್ಲ ನೀರುಪಾಲು.

ಫಾಲಿಕಲ್ ಒಳಹೊಕ್ಕದ್ದನ್ನು ಅಳೆಯಲು ಕಾರ್ಟಿಲೇಜ್ (ಮೃದ್ವಸ್ಥಿ) ಸಮೇತ ಹಂದಿಯ ಕಿವಿ ಬೇಕು. ಬಿಡಿಸಿದ ಚರ್ಮ ಕುಗ್ಗುತ್ತದೆ, ಫಾಲಿಕಲ್ ಬಾಯಿ ಬಿಗಿಯುತ್ತದೆ. ಕೂದಲನ್ನು ಕತ್ತರಿಸಿ, ಕೀಳಬೇಡಿ. ಜೆಲ್ ಹಚ್ಚಿ ಕೈಗವಸಿನ ಬೆರಳಿನಿಂದ 3 ನಿಮಿಷ ತೀಡಿ. ತೀಡದಿದ್ದರೆ ಕಣ ಮೇಲೆಯೇ ಉಳಿಯುತ್ತದೆ. ಒಂದು ಗಂಟೆ ಬಿಟ್ಟು ಒರೆಸಿ, ಟೇಪ್ ಅಂಟಿಸಿ ಕಿತ್ತು ಕಿತ್ತು ಮೇಲ್ಪದರ ತೆಗೆದು, ಒಂದು ಹನಿ ಸಯನೋಅಕ್ರಿಲೇಟ್ ಅಂಟಿನ ಮೇಲೆ ಗಾಜಿನ ಸ್ಲೈಡ್ ಒತ್ತಿ, ಒಣಗಿದ ಮೇಲೆ ಒಂದೇ ಎಳೆತಕ್ಕೆ ಕೀಳುತ್ತೇನೆ. ಫಾಲಿಕಲ್ ಒಳಗಿದ್ದದ್ದು ಸಣ್ಣ ಮೊಳೆಗಳಂತೆ ಅಂಟಿಗೆ ಕಚ್ಚಿ ಬರುತ್ತದೆ. ಮೆಥನಾಲಿನಲ್ಲಿ ಅದನ್ನು ನೆನೆಹಾಕುವ ಮೊದಲು, ಗೊತ್ತಿರುವಷ್ಟು ಔಷಧಿ ಬೆರೆಸಿದ ಬರೀ ಅಂಟಿನ ಸ್ಲೈಡಿನಿಂದ ಎಷ್ಟು ವಾಪಸ್ಸು ಬರುತ್ತದೆ ಎಂದು ಪರೀಕ್ಷಿಸಿ.

ನೈಲ್ ರೆಡ್ ಎಂಬ ಹೊಳೆಯುವ ಬಣ್ಣ ಹಾಕಿ ತೆಗೆದ ಚೆಂದದ ಕೆಂಪು ಚಿತ್ರಗಳಿಗೆ ನಾನು ಬೆಲೆ ಕೊಡುವುದು ಕಡಿಮೆ. ಬಣ್ಣ ಕಣದಿಂದ ಕಳಚಿಕೊಂಡು ತಾನೇ ಚರ್ಮದ ಕೊಬ್ಬಿಗೆ ಇಳಿಯಬಲ್ಲದು. ಕಣ ಇನ್ನೂ ಫಾಲಿಕಲ್ ಬಾಯಲ್ಲೇ ಇರುತ್ತದೆ.