ಬೆಲೆ ಇಳಿಸದೆ ಆನ್‌ಲೈನ್ ಕ್ಯಾಟಲಾಗ್ ನಡೆಸಿದ ನನ್ನ ಅನುಭವ

ಆನ್‌ಲೈನ್‌ನಲ್ಲಿ ಬೆಲೆ ಇಳಿಸದವನು ಉಳಿಯುವುದಿಲ್ಲ ಎಂದು ಬುದ್ಧಿ ಹೇಳಿದವರಿಗೆ ಲೆಕ್ಕವಿಲ್ಲ. ಈಗ ನನ್ನ ಡ್ರಾಯರ್ ಹಿಡಿಕೆಗಳು ಅಕ್ಕಪಕ್ಕದವರದಕ್ಕಿಂತ ನೂರಕ್ಕೆ ಹತ್ತಿರ ಹತ್ತಿರ 10ರಷ್ಟು ದುಬಾರಿ. ಆದರೂ ಮೊದಲು ಖಾಲಿಯಾಗುವುದು ಅವೇ.

ಆರಂಭದಲ್ಲಿ ಎಲ್ಲರಂತೆ ನಾನೂ ಬೆಲೆ ಹೊಂದಿಸುವ ತಂತ್ರಾಂಶ ಹಾಕಿಕೊಂಡಿದ್ದೆ. ಎದುರಾಳಿ ಇಳಿಸಿದರೆ ನನ್ನದು ಇಳಿಯುತ್ತಿತ್ತು, ಅದನ್ನು ಕಂಡು ಅವನದು ಮತ್ತೆ ಇಳಿಯುತ್ತಿತ್ತು. ಬೆಳಗಾಗುವುದರೊಳಗೆ ಇಬ್ಬರೂ ತಳ ಮುಟ್ಟಿರುತ್ತಿದ್ದೆವು. ಮಾರಾಟವೇನೋ ಏರಿತು. ಕಮಿಷನ್, ಜಾಹೀರಾತು, ಸಾಗಣೆ ಕಳೆದರೆ ಕೈಗೆ ನೂರಕ್ಕೆ 3 ಉಳಿದರೆ ಹೆಚ್ಚು, ಅದನ್ನೂ ವಾಪಸಾತಿ ನುಂಗುತ್ತಿತ್ತು. ಈ ತಂತ್ರಾಂಶಗಳಿಗೆ ಸರಕಿನ ಗೊಡವೆಯೇ ಇಲ್ಲ. 2011ರಲ್ಲಿ ಅಮೆಜಾನ್‌ನಲ್ಲಿ ಇಬ್ಬರು ಮಾರಾಟಗಾರರ ತಂತ್ರಾಂಶಗಳು ಒಂದನ್ನೊಂದು ನೋಡಿ ಬೆಲೆ ಏರಿಸುತ್ತಾ, ನೊಣಗಳ ಕುರಿತ ಒಂದು ವಿಜ್ಞಾನ ಪುಸ್ತಕದ ಬೆಲೆಯನ್ನು 2.3 ಕೋಟಿ ಡಾಲರ್ ದಾಟಿಸಿದ್ದವು.

ವಾಪಸ್ ಬಂದ ಪೆಟ್ಟಿಗೆಗಳನ್ನು ನಾನೇ ಬಿಚ್ಚತೊಡಗಿದ ಮೇಲೆ ದಾರಿ ಕಂಡಿತು. ಹಿಡಿಕೆಗಳಲ್ಲಿ ದೋಷವಿರಲಿಲ್ಲ. ಒಂದು ತೂತಿಗೆ ಮಾತ್ರ ಸ್ಕ್ರೂ ತಿರುಗಿಸಿ ಬಿಟ್ಟ ಗುರುತಿತ್ತು, ಇನ್ನೊಂದು ಮುಟ್ಟಿಯೇ ಇರಲಿಲ್ಲ. ಡ್ರಾಯರ್‌ನ ಹಳೆಯ ತೂತುಗಳ ಅಂತರ 96 ಮಿ.ಮೀ., ಕೊಂಡ ಹಿಡಿಕೆಯದು 128. ಪುಟದಲ್ಲಿ ಇದ್ದದ್ದು ಒಟ್ಟು ಉದ್ದ ಮಾತ್ರ. ತಯಾರಕರು ಕೊಟ್ಟ ಆ ಚಿತ್ರ, ಆ ವಿವರಣೆಯನ್ನೇ ಹತ್ತಾರು ಅಂಗಡಿಗಳು ಅಂಟಿಸಿಕೊಂಡಿದ್ದವು. ಎಲ್ಲವೂ ಒಂದೇ ತರಹ ಕಂಡಾಗ ಗ್ರಾಹಕ ಬೆಲೆಯನ್ನಲ್ಲದೆ ಇನ್ನೇನನ್ನು ನೋಡಬೇಕು?

ಸುಮಾರು 4,000 ಸರಕುಗಳನ್ನು 700ರ ಆಸುಪಾಸಿಗೆ ಇಳಿಸಿದೆ. ಉಳಿದ ಒಂದೊಂದನ್ನೂ ಕ್ಯಾಲಿಪರ್ ಹಿಡಿದು ಅಳೆದೆವು. ಮೊದಲ ಚಿತ್ರ ಹಿಡಿಕೆಯ ಹಿಂಬದಿಯದು, ಪಕ್ಕದಲ್ಲಿ ಅಳತೆಪಟ್ಟಿ. ವಿವರಣೆಯ ಮೊದಲ ಸಾಲು ತೂತಿನ ಅಂತರ, ಎರಡನೆಯದು ಇದು ಯಾವುದಕ್ಕೆ ಹೊಂದುವುದಿಲ್ಲ ಎಂಬುದು. ಬಂದ ಗಿರಾಕಿಯನ್ನು ಓಡಿಸುತ್ತಿದ್ದೀಯ ಎಂದು ಜೊತೆಗಾರರು ಬೈದರು. ಮೊದಲ ಕೆಲವು ತಿಂಗಳು ಮಾರಾಟ ಮೂರನೇ ಒಂದು ಪಾಲು ಬಿದ್ದಿತು, ಚಿತ್ರಗಳಿಗೆ ಮಾಡಿದ ಖರ್ಚು ಆ ವರ್ಷದ ಲಾಭದ ಕಾಲು ಭಾಗ ತಿಂದಿತು. ನಾನು ಅಲುಗಲಿಲ್ಲ. ಮುಟ್ಟಿ ನೋಡಲಾಗದ ಸರಕನ್ನು ಮಾರುವವನಿಗೆ ನಂಬಿಕೆಯೇ ಬಂಡವಾಳ. 1872ರಲ್ಲಿ ಒಂದೇ ಹಾಳೆಯ ಕ್ಯಾಟಲಾಗ್‌ನಿಂದ ಅಂಚೆ ವ್ಯಾಪಾರ ಶುರುಮಾಡಿದ ಮಾಂಟ್ಗೊಮರಿ ವಾರ್ಡ್ 1875ರಲ್ಲೇ ತೃಪ್ತಿಯಾಗದಿದ್ದರೆ ಹಣ ವಾಪಸ್ ಎಂದಿದ್ದರು. ಆದರೆ ಹಣ ವಾಪಸ್ ಕೊಡಲು ಎದೆಗಾರಿಕೆ ಬೇಕಾದರೆ ವಿವರಣೆ ಸರಿಯಿರಬೇಕು.

ನೂರಕ್ಕೆ 18ರ ಆಸುಪಾಸಿನಲ್ಲಿದ್ದ ವಾಪಸಾತಿ ಈಗ 5ಕ್ಕೆ ಬಂದಿದೆ. 700 ಸರಕುಗಳನ್ನು ಆರಿಸಿದ ಬಗೆಯನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಸುತ್ತಲೂ ತಿರುಗಿಸಿ ತೋರಿಸುವ ವಿಡಿಯೊ ಮಾಡಿಸಿದೆ, ಯಾರೂ ಪೂರ್ತಿ ನೋಡಲಿಲ್ಲ. ಪೊಟ್ಟಣದಲ್ಲಿ ಎರಡು ಉದ್ದದ ಸ್ಕ್ರೂ ಇಟ್ಟದ್ದು ಮಾತ್ರ ಅದ್ಭುತವಾಗಿ ಫಲಿಸಿತು. ಹಲಗೆಯ ದಪ್ಪ ಎಲ್ಲರದೂ ಒಂದೇ ಅಲ್ಲವಲ್ಲ. ಪುಡಿಗಾಸಿನ ಖರ್ಚು, ಆದರೆ ಹೊಗಳಿ ಬರೆದವರಲ್ಲಿ ಅರ್ಧದಷ್ಟು ಜನ ಅದನ್ನೇ ಹೆಸರಿಸಿದ್ದಾರೆ.

ಈಗ ನನ್ನ ಚಿತ್ರಗಳನ್ನೂ ಅಳತೆಗಳನ್ನೂ ಎದುರಾಳಿಗಳು ಎತ್ತಿಕೊಳ್ಳುತ್ತಿದ್ದಾರೆ. ಎತ್ತಿಕೊಳ್ಳಲಿ. ನಾನು ಪ್ರತಿ ಲಾಟ್ ಬಂದಾಗಲೂ ಮತ್ತೆ ಅಳೆಯುತ್ತೇನೆ. ಕಳೆದ ಲಾಟ್‌ನಲ್ಲಿ ತಯಾರಕರು ಅಚ್ಚು ಬದಲಿಸಿ ಹಿಡಿಕೆಯ ಬುಡ 2 ಮಿ.ಮೀ. ಅಗಲವಾಗಿದೆ. ಎದುರಾಳಿಗಳ ಪುಟಗಳಲ್ಲಿ ಇನ್ನೂ ಹಳೆಯ ಅಳತೆಯೇ ಇದೆ.