ಬೆಳೆಯುತ್ತಿರುವ ಶಾಲಾ ಜಿಲ್ಲೆಗೆ ಸುಧಾರಣಾ ಯೋಜನೆ ರೂಪಿಸುವ ಬಗೆ

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಶಾಲಾ ಜಿಲ್ಲೆ ಎಂಬುದು ತನ್ನದೇ ಗಡಿ, ತನ್ನದೇ ಆಡಳಿತ ಮಂಡಳಿ ಮತ್ತು ಹೆಚ್ಚಾಗಿ ಆಸ್ತಿ ತೆರಿಗೆಯಿಂದ ಬರುವ ಸ್ಥಳೀಯ ವರಮಾನವಿರುವ ಸಂಸ್ಥೆ. ದೇಶದಲ್ಲಿ ಇಂಥವು ಸುಮಾರು 13,000 ಇವೆ. ದೊಡ್ಡ ನಗರಗಳ ಅಂಚಿನಲ್ಲಿರುವ ಕೆಲವು ಜಿಲ್ಲೆಗಳು ಒಂದೇ ತಲೆಮಾರಿನೊಳಗೆ ಗುರುತು ಸಿಗದಷ್ಟು ಬೆಳೆದಿವೆ. ಟೆಕ್ಸಸ್‌ನ ಫ್ರಿಸ್ಕೋ ನಗರದ ಜನಸಂಖ್ಯೆ 1990ರ ಜನಗಣತಿಯಲ್ಲಿ ಸುಮಾರು 6,000 ಇತ್ತು. 2020ರಲ್ಲಿ ಅದು 2 ಲಕ್ಷವನ್ನು ದಾಟಿತ್ತು. ಇಂಥ ಊರುಗಳಲ್ಲಿ ನೆಲೆಸಿ, ಮಕ್ಕಳ ಕಲಿಕೆಯನ್ನು ಉತ್ತಮಪಡಿಸುವ ಯೋಜನೆ ರೂಪಿಸುವ ಜಿಲ್ಲೆಯ ಸುಧಾರಣಾ ಸಮಿತಿಯಿಂದ ಕರೆ ಬಂದಾಗ ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಕುಳಿತ ಪಾಲಕರಿಗಾಗಿ ಮತ್ತು ಅಲ್ಲಿನ ಶಾಲೆಗಳಲ್ಲಿ ಪಾಠ ಹೇಳುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವಿದ್ಯಾರ್ಥಿಗಳ ಸಂಖ್ಯೆ ಸ್ಥಿರವಾಗಿರುವ ಜಿಲ್ಲೆಗೆ ಇಲ್ಲದ ಒಂದು ತೊಡಕು ಬೆಳೆಯುವ ಜಿಲ್ಲೆಗೆ ಇದೆ. ಕಳೆದ ವರ್ಷದ ಪರೀಕ್ಷಾ ಫಲಿತಾಂಶವನ್ನು ಮುಂದಿಟ್ಟುಕೊಂಡು ಯೋಜನೆಯನ್ನು ಬರೆದು, ಮಂಡಳಿಯ ಒಪ್ಪಿಗೆ ಪಡೆದು, ಜಾರಿಗೆ ತರುವ ಹೊತ್ತಿಗೆ ತರಗತಿಯಲ್ಲಿ ಕುಳಿತಿರುವವರಲ್ಲಿ ಅನೇಕರು ಆ ಫಲಿತಾಂಶದಲ್ಲಿ ಎಣಿಕೆಗೆ ಬಂದವರೇ ಆಗಿರುವುದಿಲ್ಲ. ಆದ್ದರಿಂದ ಯೋಜನೆಯ ಪ್ರತಿ ಹಂತದಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಅಂಕಿಯ ಹಿಂದೆ ಯಾವ ಮಕ್ಕಳಿದ್ದಾರೆ, ಅವರು ಇಲ್ಲಿಗೆ ಯಾವಾಗ ಬಂದರು?

ಎಷ್ಟು ಮಕ್ಕಳು ಬರಲಿದ್ದಾರೆ

ಮುಂದಿನ ವರ್ಷಗಳ ದಾಖಲಾತಿಯನ್ನು ಅಂದಾಜು ಮಾಡಲು ಜಿಲ್ಲೆಗಳು ಸಾಮಾನ್ಯವಾಗಿ ಬಳಸುವ ವಿಧಾನ ಸರಳವಾದದ್ದು. ಕಳೆದ ವರ್ಷ 2ನೇ ತರಗತಿಯಲ್ಲಿ 1,000 ಮಕ್ಕಳಿದ್ದು ಈ ವರ್ಷ 3ನೇ ತರಗತಿಯಲ್ಲಿ 1,060 ಇದ್ದರೆ ಆ ಮೆಟ್ಟಿಲಿನ ಅನುಪಾತ 1.06. ಹಲವು ವರ್ಷಗಳ ಅನುಪಾತಗಳ ಸರಾಸರಿಯನ್ನು ಮುಂದಕ್ಕೆ ಚಾಚಿದರೆ ಮೇಲಿನ ತರಗತಿಗಳ ಅಂದಾಜು ಸಿಗುತ್ತದೆ. ಕಿಂಡರ್‌ಗಾರ್ಟನ್‌ಗೆ ಐದು ವರ್ಷಗಳ ಹಿಂದಿನ ಜನನ ದಾಖಲೆಗಳನ್ನು ನೋಡುತ್ತಾರೆ. ಆದರೆ ವೇಗವಾಗಿ ಬೆಳೆಯುವ ಊರಿನಲ್ಲಿ ಶಾಲೆಗೆ ಸೇರುವ ಮಕ್ಕಳಲ್ಲಿ ಬಹಳಷ್ಟು ಮಂದಿ ಅಲ್ಲಿ ಹುಟ್ಟಿದವರೇ ಅಲ್ಲ, ಹೀಗಾಗಿ ಜನನ ದಾಖಲೆ ಒಂದನ್ನೇ ನಂಬಿದರೆ ಅಂದಾಜು ಕೆಳಗೆ ಬೀಳುತ್ತದೆ. ನಗರಾಡಳಿತದಿಂದ ಕಟ್ಟಡ ಪರವಾನಗಿಗಳ ಪಟ್ಟಿಯನ್ನು ಪಡೆಯಬೇಕು. ಪ್ರತಿ ಬಗೆಯ ಮನೆಯಿಂದ ಸರಾಸರಿ ಎಷ್ಟು ಮಕ್ಕಳು ಬರುತ್ತಾರೆಂಬುದನ್ನು ಜಿಲ್ಲೆಯ ಸ್ವಂತ ವಿಳಾಸ ದಾಖಲೆಗಳಿಂದಲೇ ಲೆಕ್ಕ ಹಾಕಬೇಕು. ಮನೆಗೆ 0.5ರಂತೆ ಮಕ್ಕಳು ಬರುವ ಬಡಾವಣೆಯಲ್ಲಿ 400 ಮನೆಗಳು ಎದ್ದರೆ 200 ಮಕ್ಕಳು ಬರುತ್ತಾರೆ. ಅದೇ ಬಡಾವಣೆ ಇಪ್ಪತ್ತು ವರ್ಷ ಹಳೆಯದಾದಾಗ ಈ ಪ್ರಮಾಣ ಇಳಿಯುತ್ತದೆ, ಏಕೆಂದರೆ ಮಕ್ಕಳು ಕಾಲೇಜು ಸೇರಿದ ಮೇಲೂ ತಂದೆತಾಯಿ ಅದೇ ಮನೆಯಲ್ಲಿ ಉಳಿಯುತ್ತಾರೆ.

ಅಧಿಕೃತ ಎಣಿಕೆಯ ದಿನವನ್ನೂ ಗಮನಿಸಿ. ಟೆಕ್ಸಸ್‌ನಲ್ಲಿ ಅದು ಅಕ್ಟೋಬರ್‌ನ ಕೊನೆಯ ಶುಕ್ರವಾರ. ಆ ದಿನದ ನಂತರ, ಜನವರಿಯಲ್ಲಿಯೋ ಮಾರ್ಚ್‌ನಲ್ಲಿಯೋ ಬಂದ ಮಗು ವರದಿಯ ಕೋಷ್ಟಕದಲ್ಲಿ ಕಾಣದಿರಬಹುದು. ಆದರೆ ತರಗತಿಯಲ್ಲಿ ಅದಕ್ಕೊಂದು ಕುರ್ಚಿ, ಒಂದು ಪುಸ್ತಕ, ಅದರ ಹೆಸರು ಬಲ್ಲ ಒಬ್ಬ ಶಿಕ್ಷಕಿ ಬೇಕು. ವರ್ಷದ ನಡುವೆ ಸೇರಿದವರ ಪಟ್ಟಿಯನ್ನು ಪ್ರತ್ಯೇಕವಾಗಿ ಕೇಳಿ ಪಡೆಯುವುದು ಸಮಿತಿಯ ಮೊದಲ ಕೆಲಸವಾಗಬೇಕೆಂದು ನಾನು ಹೇಳುತ್ತೇನೆ.

ಸರಾಸರಿಯನ್ನು ಬಿಡಿಸಿ ನೋಡುವುದು

ಇಲ್ಲಿ ಆತುರ ಬೇಡ. ಒಂದು ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿ. ಒಂದು ಶಾಲೆಯ 1,000 ಮಕ್ಕಳಲ್ಲಿ ಶೇಕಡಾ 80ರಷ್ಟು, ಅಂದರೆ 800 ಮಂದಿ, ತರಗತಿಗೆ ತಕ್ಕಂತೆ ಓದಬಲ್ಲರು. ಮರುವರ್ಷ 200 ಹೊಸಬರು ಸೇರುತ್ತಾರೆ, ಅವರಲ್ಲಿ ಅರ್ಧದಷ್ಟು ಮಂದಿ ಮಾತ್ರ ಆ ಮಟ್ಟದಲ್ಲಿದ್ದಾರೆ. ಈ ನಡುವೆ ಹಳೆಯ ಸಾವಿರ ಮಕ್ಕಳಲ್ಲಿ ಓದಬಲ್ಲವರ ಸಂಖ್ಯೆ 820ಕ್ಕೆ ಏರಿದೆ. ಒಟ್ಟು 1,200ರಲ್ಲಿ 920, ಅಂದರೆ ಶೇಕಡಾ 76.7. ಶಾಲೆ ತನ್ನ ಮಕ್ಕಳಿಗೆ ಹಿಂದಿಗಿಂತ ಚೆನ್ನಾಗಿ ಕಲಿಸಿತು, ಆದರೂ ವರದಿಯಲ್ಲಿ ಅದು ಕುಸಿದ ಶಾಲೆ.

ಇದರ ತಿರುವುಮುರುವು ಇನ್ನೂ ಅಪಾಯಕಾರಿ. 1,000 ಮಕ್ಕಳಲ್ಲಿ 700 ಮಂದಿ ಮಟ್ಟದಲ್ಲಿದ್ದ ಶಾಲೆಯಲ್ಲಿ ಹಳೆಯ ಮಕ್ಕಳ ಸಂಖ್ಯೆ 680ಕ್ಕೆ ಇಳಿಯಿತೆನ್ನಿ. ಅದೇ ವರ್ಷ ಹೊಸ ಬಡಾವಣೆಯಿಂದ 300 ಮಕ್ಕಳು ಬಂದರು, ಅವರಲ್ಲಿ 270 ಮಂದಿ ಚೆನ್ನಾಗಿ ಓದುವವರು. ಒಟ್ಟು 1,300ರಲ್ಲಿ 950, ಶೇಕಡಾ 73. ಶೇಕಡಾವಾರು ಏರಿದೆ, ಮಂಡಳಿಯ ಸಭೆಯಲ್ಲಿ ಅಭಿನಂದನೆ ಸಲ್ಲುತ್ತದೆ, ಹಿಂದೆ ಬಿದ್ದ ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ. ಸುಶಿಕ್ಷಿತ ವಲಸಿಗ ಕುಟುಂಬಗಳು, ನಮ್ಮವರೂ ಸೇರಿದಂತೆ, ಬಂದು ನೆಲೆಸಿದ ಜಿಲ್ಲೆಗಳಲ್ಲಿ ಇದು ಆಗುವ ಸಂಭವ ಹೆಚ್ಚು. ನಮ್ಮ ಮಕ್ಕಳ ಅಂಕಗಳು ಪಕ್ಕದ ಬೆಂಚಿನ ಮಗುವಿನ ಕಷ್ಟವನ್ನು ಮರೆಮಾಡುವಂತಾಗಬಾರದು. ಆದ್ದರಿಂದ ದತ್ತಾಂಶ ವಿಭಾಗವನ್ನು ಎರಡು ಪ್ರತ್ಯೇಕ ಕೋಷ್ಟಕಗಳಿಗಾಗಿ ಕೇಳಿ: ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಇದೇ ಜಿಲ್ಲೆಯಲ್ಲಿ ಓದಿದವರದು ಒಂದು, ಇತ್ತೀಚೆಗೆ ಬಂದವರದು ಇನ್ನೊಂದು. ಸಾಧ್ಯವಾದರೆ ಅದೇ ಮಗುವಿನ ಕಳೆದ ವರ್ಷದ ಮತ್ತು ಈ ವರ್ಷದ ಅಂಕಗಳನ್ನು ಜೋಡಿಸಿ ನೋಡಿ.

2015ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ, ಎಸ್ಸಾ ಎಂದು ಕರೆಯಲಾಗುವ ಒಕ್ಕೂಟದ ಶಿಕ್ಷಣ ಕಾಯ್ದೆಯ ಪ್ರಕಾರ 3ರಿಂದ 8ನೇ ತರಗತಿಯವರೆಗೆ ಪ್ರತಿ ವರ್ಷ ಮತ್ತು ಹೈಸ್ಕೂಲಿನಲ್ಲಿ ಒಮ್ಮೆ ಓದು ಹಾಗೂ ಗಣಿತದ ಪರೀಕ್ಷೆ ನಡೆಯಬೇಕು. ಫಲಿತಾಂಶವನ್ನು ಜನಾಂಗ, ಬಡತನ, ಅಂಗವೈಕಲ್ಯ ಮತ್ತು ಇಂಗ್ಲಿಷ್ ಕಲಿಯುತ್ತಿರುವ ಸ್ಥಿತಿಗೆ ಅನುಗುಣವಾಗಿ ಬಿಡಿಸಿ ಪ್ರಕಟಿಸಬೇಕು. ಇದು ಬಹಳ ದೊಡ್ಡ ಅನುಕೂಲ. ಆದರೆ ಈ ಗುಂಪುಗಳೂ ಒರಟು ಜರಡಿಗಳೇ. ಏಷ್ಯನ್ ಎಂಬ ಒಂದೇ ಕಾಲಂನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರ ಮಗಳೂ ಮ್ಯಾನ್ಮಾರ್‌ನಿಂದ ನಿರಾಶ್ರಿತನಾಗಿ ಬಂದ ಹುಡುಗನೂ ಇರುತ್ತಾರೆ. ಮನೆಮಾತು ಮತ್ತು ಬಂದ ವರ್ಷ, ಇವೆರಡನ್ನು ಸೇರಿಸಿ ನೋಡಿದರೆ ಚಿತ್ರ ಬಹಳಷ್ಟು ತಿಳಿಯಾಗುತ್ತದೆ. ಜೊತೆಗೆ, ರಾಜ್ಯ ನಿಗದಿಪಡಿಸಿದ ಕನಿಷ್ಠ ಸಂಖ್ಯೆಗಿಂತ ಚಿಕ್ಕದಾದ ಗುಂಪಿನ ಫಲಿತಾಂಶ ಪ್ರಕಟವಾಗುವುದಿಲ್ಲ. ಒಂದೊಂದು ಶಾಲೆಯಲ್ಲಿ ಎಂಟು ಹತ್ತು ಮಂದಿಯಂತೆ ಹರಡಿಕೊಂಡಿರುವ ಮಕ್ಕಳನ್ನು ಜಿಲ್ಲೆಯ ಮಟ್ಟದಲ್ಲಿ ಒಟ್ಟುಗೂಡಿಸಿದಾಗ ಮಾತ್ರ ಅವರ ಸ್ಥಿತಿ ತಿಳಿಯುತ್ತದೆ.

ಇಂಗ್ಲಿಷ್ ಕಲಿಯುತ್ತಿರುವವರ ಗುಂಪಿಗೆ ಇನ್ನೊಂದು ವಿಶೇಷ ಗುಣವಿದೆ. ಭಾಷೆ ಚೆನ್ನಾಗಿ ಬಂದ ಮಗು ಆ ಗುಂಪಿನಿಂದ ಹೊರಗೆ ಹೋಗುತ್ತದೆ, ಭಾಷೆ ಬಾರದ ಹೊಸ ಮಗು ಒಳಗೆ ಬರುತ್ತದೆ. ಹೀಗಾಗಿ ಎಷ್ಟೇ ಚೆನ್ನಾಗಿ ಕಲಿಸಿದರೂ ಗುಂಪಿನ ಅಂಕ ಯಾವಾಗಲೂ ಕೆಳಗೇ ಇರುತ್ತದೆ. ಅದನ್ನು ನೋಡಿ ಶಿಕ್ಷಕರನ್ನು ದೂರುವುದು ಅನ್ಯಾಯ. ಗುಂಪಿನಿಂದ ಹೊರಗೆ ಹೋದವರು ಮುಂದಿನ ನಾಲ್ಕು ವರ್ಷಗಳಲ್ಲಿ ಹೇಗೆ ಓದುತ್ತಿದ್ದಾರೆ ಮತ್ತು ಐದಾರು ವರ್ಷ ಕಳೆದರೂ ಹೊರಗೆ ಹೋಗದವರು ಎಷ್ಟು ಮಂದಿ ಎಂಬ ಎರಡು ಪ್ರಶ್ನೆಗಳೇ ಇಲ್ಲಿ ನಿಜವಾದ ಅಳತೆ.

ಕಾರಣಕ್ಕೆ ಇಳಿಯುವುದು

ಯಾರು ಹಿಂದೆ ಬಿದ್ದಿದ್ದಾರೆಂಬುದು ತಿಳಿದ ಕೂಡಲೇ ಪರಿಹಾರ ಸೂಚಿಸುವ ಆತುರ ಎಲ್ಲ ಸಮಿತಿಗಳಲ್ಲಿಯೂ ಹುಟ್ಟುತ್ತದೆ, ಹೊಸ ತಂತ್ರಾಂಶ ಮಾರುವವರೂ ಆ ಹೊತ್ತಿಗೇ ಬರುತ್ತಾರೆ. ಅದಕ್ಕೂ ಮೊದಲು ಶಾಲೆಗೆ ಹೋಗಿ ನೋಡಬೇಕು. ದೀರ್ಘಕಾಲಿಕ ಗೈರುಹಾಜರಿಯನ್ನೇ ತೆಗೆದುಕೊಳ್ಳಿ. ಶಾಲಾ ದಿನಗಳಲ್ಲಿ ಶೇಕಡಾ 10 ಅಥವಾ ಅದಕ್ಕಿಂತ ಹೆಚ್ಚು ತಪ್ಪಿಸಿಕೊಳ್ಳುವುದು, ಅಂದರೆ 180 ದಿನಗಳ ವರ್ಷದಲ್ಲಿ 18 ದಿನ, ಅದರ ಸಾಮಾನ್ಯ ವ್ಯಾಖ್ಯೆ. ಒಂದು ಶಾಲೆಯಲ್ಲಿ ಇದು ಹೆಚ್ಚಿದ್ದರೆ ಪಾಲಕರಿಗೆ ಶಿಕ್ಷಣದ ಬೆಲೆ ಗೊತ್ತಿಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ವಿಳಾಸವಾರು ಬಿಡಿಸಿ ನೋಡಿದಾಗ ಗೈರುಹಾಜರಾದವರೆಲ್ಲ ಬಸ್ ಮಾರ್ಗ ಹೊಸದಾಗಿ ಬದಲಾದ ಒಂದೇ ಅಪಾರ್ಟ್‌ಮೆಂಟ್ ಸಮುಚ್ಚಯದವರು ಎಂದು ತಿಳಿದರೆ ಯೋಜನೆಯೇ ಬೇರೆಯಾಗುತ್ತದೆ. ಏಕೆ ಎಂಬ ಪ್ರಶ್ನೆಯನ್ನು ನಾಲ್ಕೈದು ಸಲ ಕೇಳುತ್ತ ಹೋಗಿ. ಉತ್ತರವು ಮಕ್ಕಳ ಅಥವಾ ಕುಟುಂಬದ ಸ್ವಭಾವದಲ್ಲಿ ಬಂದು ನಿಂತರೆ ಹುಡುಕಾಟ ಇನ್ನೂ ಮುಗಿದಿಲ್ಲ ಎಂದು ತಿಳಿಯಿರಿ. ಜಿಲ್ಲೆ ತಾನೇ ಬದಲಾಯಿಸಬಲ್ಲ ಒಂದು ಸಂಗತಿಗೆ ತಲುಪಿದಾಗ ನಿಲ್ಲಬಹುದು.

ಭಾಷೆಯ ವಿಚಾರದಲ್ಲಿ ನ್ಯಾಯಾಲಯಗಳೇ ದಾರಿ ತೋರಿವೆ. ಇಂಗ್ಲಿಷ್ ಬಾರದ ಮಕ್ಕಳಿಗೆ ಬೇರೆ ನೆರವಿಲ್ಲದೆ ಎಲ್ಲರಿಗೂ ಕೊಡುವ ಅದೇ ಪುಸ್ತಕ, ಅದೇ ಪಾಠ ಕೊಟ್ಟರೆ ಅದು ಸಮಾನತೆಯಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1974ರ ಲಾವ್ ವಿರುದ್ಧ ನಿಕೋಲ್ಸ್ ಪ್ರಕರಣದಲ್ಲಿ ಹೇಳಿತು. 1981ರ ಕಸ್ತನ್ಯೇದಾ ಪ್ರಕರಣದಲ್ಲಿ ಒಕ್ಕೂಟದ ಮೇಲ್ಮನವಿ ನ್ಯಾಯಾಲಯ ಮೂರು ಪ್ರಶ್ನೆಗಳನ್ನು ಮುಂದಿಟ್ಟಿತು: ಕಾರ್ಯಕ್ರಮಕ್ಕೆ ಸರಿಯಾದ ಶೈಕ್ಷಣಿಕ ಆಧಾರವಿದೆಯೇ, ಅದಕ್ಕೆ ಬೇಕಾದ ಶಿಕ್ಷಕರನ್ನೂ ಸಾಮಗ್ರಿಯನ್ನೂ ನಿಜವಾಗಿ ಒದಗಿಸಲಾಗಿದೆಯೇ, ಕೆಲ ಕಾಲದ ನಂತರ ಅದು ಫಲ ನೀಡಿತೇ? ಈ ಮೂರು ಪ್ರಶ್ನೆಗಳನ್ನು ಭಾಷಾ ಕಾರ್ಯಕ್ರಮಕ್ಕೆ ಮಾತ್ರವಲ್ಲ, ಯೋಜನೆಯ ಪ್ರತಿಯೊಂದು ಅಂಶಕ್ಕೂ ಹಾಕಬಹುದು.

ಗುರಿ ಬರೆಯುವುದು

ಮೂರು ಗುರಿಗಳು ಸಾಕು. ಹದಿನೈದು ಗುರಿಗಳಿರುವ ಯೋಜನೆಯನ್ನು ಯಾವ ಪ್ರಾಂಶುಪಾಲರೂ ನೆನಪಿಟ್ಟುಕೊಳ್ಳಲಾರರು. ಎಲ್ಲ ಮಕ್ಕಳ ಓದಿನ ಮಟ್ಟವನ್ನು ಹೆಚ್ಚಿಸುವುದು ಎಂಬ ವಾಕ್ಯವನ್ನು ಗುರಿ ಎನ್ನಲಾಗದು. ಗುರಿಯಲ್ಲಿ ಯಾವ ಮಕ್ಕಳು, ಈಗ ಎಲ್ಲಿದ್ದಾರೆ, ಯಾವ ದಿನಾಂಕದೊಳಗೆ ಎಲ್ಲಿಗೆ ತಲುಪಬೇಕು, ಯಾವ ಅಳತೆಯಿಂದ ತಿಳಿಯುತ್ತದೆ, ಯಾರು ಹೊಣೆ ಎಂಬ ಐದೂ ಇರಬೇಕು. ಬೆಳೆಯುವ ಜಿಲ್ಲೆಗೆ ಆರನೆಯದೊಂದು ಬೇಕು: ವರ್ಷದ ನಡುವೆ ಬಂದ ಮಗು ಈ ಗುರಿಯೊಳಗೆ ಸೇರುವುದು ಹೇಗೆ? ಉದಾಹರಣೆಗೆ, ದಾಖಲಾದ ಹತ್ತು ಶಾಲಾ ದಿನಗಳೊಳಗೆ ಪ್ರತಿ ಮಗುವಿನ ಓದಿನ ಮಟ್ಟವನ್ನು ಅಳೆದು, ನೆರವು ಬೇಕಾದರೆ ಮೂರನೆಯ ವಾರದಲ್ಲಿಯೇ ಆರಂಭಿಸಲಾಗುವುದು ಎಂದು ಬರೆಯಬಹುದು. ಈ ಒಂದು ಸಾಲು ಅನೇಕ ಪುಟಗಳ ಆಶಯಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆಂಬುದು ನನ್ನ ದೃಢ ಅಭಿಪ್ರಾಯ.

ಯಾವ ಕ್ರಮವನ್ನು ಆಯ್ದುಕೊಳ್ಳಬೇಕೆಂಬುದಕ್ಕೆ ಎಸ್ಸಾ ಕಾಯ್ದೆಯು ಪುರಾವೆಯನ್ನು ಬಲವಾದದ್ದು, ಮಧ್ಯಮ, ಭರವಸೆಯದ್ದು ಮತ್ತು ತಾರ್ಕಿಕ ಆಧಾರವಿರುವುದು ಎಂಬ ನಾಲ್ಕು ಮಟ್ಟಗಳಲ್ಲಿ ವಿಂಗಡಿಸುತ್ತದೆ. ಬಡ ಕುಟುಂಬಗಳ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಒಕ್ಕೂಟ ಸರ್ಕಾರ ಕೊಡುವ ಟೈಟಲ್ 1 ಅನುದಾನ ಪಡೆಯುವ ಶಾಲೆಗಳಲ್ಲಿ ತೀರ ಹಿಂದುಳಿದ ಕನಿಷ್ಠ ಶೇಕಡಾ 5ರಷ್ಟನ್ನೂ, ಮೂರನೇ ಒಂದು ಭಾಗ ಅಥವಾ ಹೆಚ್ಚು ವಿದ್ಯಾರ್ಥಿಗಳು ಪದವಿ ಪಡೆಯದ ಹೈಸ್ಕೂಲುಗಳನ್ನೂ ರಾಜ್ಯವು ಕನಿಷ್ಠ ಮೂರು ವರ್ಷಕ್ಕೊಮ್ಮೆ ಗುರುತಿಸುತ್ತದೆ. ಅಂಥ ಶಾಲೆಗೆ ಯೋಜನೆ ರೂಪಿಸುವ ಹೊಣೆ ಜಿಲ್ಲೆಯದು. ಪಾಲಕರು ಮತ್ತು ಶಿಕ್ಷಕರನ್ನು ಜೊತೆಗಿಟ್ಟುಕೊಂಡು ಕೊರತೆಗಳ ಅಧ್ಯಯನ ಮಾಡುವುದು, ಸಂಪನ್ಮೂಲ ಹಂಚಿಕೆಯ ಅಸಮಾನತೆಯನ್ನು ಗುರುತಿಸುವುದು ಕಡ್ಡಾಯ.

ಹೊಸ ಶಾಲೆ ತೆರೆದಾಗ ಹಳೆಯ ಶಾಲೆ

ಈ ಅಸಮಾನತೆ ಬೆಳೆಯುವ ಜಿಲ್ಲೆಯಲ್ಲಿ ಸದ್ದಿಲ್ಲದೆ ಹುಟ್ಟುತ್ತದೆ. ಹೊಸ ಬಡಾವಣೆಯಲ್ಲಿ ಹೊಸ ಕಟ್ಟಡ ಎದ್ದಾಗ ಅನುಭವಿ ಶಿಕ್ಷಕರು ವರ್ಗಾವಣೆ ಕೇಳುತ್ತಾರೆ. ಹಳೆಯ ಶಾಲೆಗೆ ಆಗತಾನೇ ವೃತ್ತಿಗೆ ಬಂದವರು ಸೇರುತ್ತಾರೆ. ಯಾರದೂ ದುರುದ್ದೇಶವಿಲ್ಲ, ಆದರೂ ಮೂರು ನಾಲ್ಕು ವರ್ಷಗಳಲ್ಲಿ ಜಿಲ್ಲೆ ಎರಡಾಗುತ್ತದೆ. ಶಾಲೆವಾರು ಶಿಕ್ಷಕರ ಅನುಭವದ ಪಟ್ಟಿಯನ್ನೂ, ಕಾಯ್ದೆಯಂತೆ ಪ್ರಕಟವಾಗುವ ಶಾಲೆವಾರು ತಲಾ ವೆಚ್ಚವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಹೊಸ ಶಾಲೆಯ ಪ್ರಾಂಶುಪಾಲರು ಒಂದೇ ಹಳೆಯ ಶಾಲೆಯಿಂದ ಇಷ್ಟಕ್ಕಿಂತ ಹೆಚ್ಚು ಅನುಭವಿಗಳನ್ನು ಕರೆದೊಯ್ಯಬಾರದು ಎಂಬ ಮಿತಿಯನ್ನು ಕಟ್ಟಡ ತೆರೆಯುವ ಒಂದು ವರ್ಷ ಮೊದಲೇ ಯೋಜನೆಯಲ್ಲಿ ಬರೆಯಬೇಕು, ತೆರೆದ ಮೇಲೆ ಬರೆದು ಪ್ರಯೋಜನವಿಲ್ಲ.

ಹಣದ ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನು ಸಮಿತಿಯ ಆರಂಭದಲ್ಲೇ ತಿದ್ದಿಕೊಳ್ಳಿ. ಮತದಾರರು ಒಪ್ಪಿದ ಬಾಂಡ್ ಹಣ, ಅಂದರೆ ಜಿಲ್ಲೆ ಸಾಲವಾಗಿ ಎತ್ತುವ ಹಣ, ಕಟ್ಟಡ ಮತ್ತು ಸಲಕರಣೆಗಳಿಗೆ. ಶಿಕ್ಷಕರ ಸಂಬಳ ಬೇರೆಯೇ ಖಾತೆಯಿಂದ ಬರಬೇಕು. ಕೋಣೆ ಕಟ್ಟಿದ ಮಾತ್ರಕ್ಕೆ ಪಾಠ ಹೇಳುವವರು ಸಿಗುವುದಿಲ್ಲ.

ಯಾರನ್ನು ಕೂರಿಸಬೇಕು

ಸಭೆಯನ್ನು ಕೆಲಸದ ದಿನ ಬೆಳಗ್ಗೆ, ಇಂಗ್ಲಿಷಿನಲ್ಲಿ, ಜಿಲ್ಲಾ ಕಚೇರಿಯಲ್ಲಿ ಕರೆದರೆ ಯಾರು ಬರುತ್ತಾರೆಂಬುದು ಮೊದಲೇ ನಿರ್ಧಾರವಾಗಿಬಿಡುತ್ತದೆ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೆಯ ಭಾಗದಡಿ, ಇಂಗ್ಲಿಷ್ ಹೆಚ್ಚು ಬಾರದ ಪಾಲಕರಿಗೆ ಶಾಲೆಯ ಮುಖ್ಯ ಮಾಹಿತಿಯನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸುವುದು ಜಿಲ್ಲೆಯ ಕರ್ತವ್ಯ. ದುಭಾಷಿ ತರಬೇತಿ ಪಡೆದವರಾಗಿರಬೇಕು, ಮಗುವನ್ನೇ ತಾಯಿಗೆ ಅನುವಾದಕನನ್ನಾಗಿ ನಿಲ್ಲಿಸಬಾರದು. ಪಾಲಕರು ವಾಸವಿರುವ ಕಡೆಯೇ ಸಂಜೆ ಸಭೆ ನಡೆಸಿ, ಸಿದ್ಧವಾದ ಕರಡನ್ನು ತೋರಿಸದೆ ಮೊದಲು ಅವರ ಮಾತು ಕೇಳಿ. ಟೈಟಲ್ 1ರಲ್ಲಿ 5 ಲಕ್ಷ ಡಾಲರಿಗಿಂತ ಹೆಚ್ಚು ಪಡೆಯುವ ಜಿಲ್ಲೆ ಅದರ ಕನಿಷ್ಠ ಶೇಕಡಾ 1ರಷ್ಟನ್ನು ಕುಟುಂಬಗಳ ಸಹಭಾಗಿತ್ವಕ್ಕೆ ಮೀಸಲಿಡಲೇಬೇಕು, ಆದ್ದರಿಂದ ಇದಕ್ಕೆ ಹಣವಿಲ್ಲ ಎಂಬ ಉತ್ತರವನ್ನು ಕೂಡಲೇ ಒಪ್ಪಬೇಡಿ.

ವರ್ಷದ ನಡುವೆ

ಮೂರು ತಿಂಗಳಿಗೊಮ್ಮೆ ಯೋಜನೆಯನ್ನು ತೆರೆದು ನೋಡುವ ದಿನಾಂಕಗಳನ್ನು ಒಪ್ಪಿಗೆ ಪಡೆಯುವ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಆ ಸಭೆಗಳಲ್ಲಿ ವಾರ್ಷಿಕ ಪರೀಕ್ಷೆಯ ಅಂಕಗಳಿರುವುದಿಲ್ಲ. ಹಾಜರಾತಿ, ಓದಿನ ಕಿರು ಪರೀಕ್ಷೆ, ಹೊಸಬರ ಮಟ್ಟ ಅಳೆಯಲು ತೆಗೆದುಕೊಂಡ ದಿನಗಳು, ಖಾಲಿ ಇರುವ ಶಿಕ್ಷಕ ಹುದ್ದೆಗಳು, ಇವೇ ಸಾಕು. ಫಲ ಕಾಣದಿದ್ದರೆ ಮೊದಲು ಕೇಳಬೇಕಾದದ್ದು ಯೋಜಿಸಿದ ಕೆಲಸ ನಿಜವಾಗಿ ನಡೆಯಿತೇ ಎಂಬುದನ್ನು. ವಾರಕ್ಕೆ ನಾಲ್ಕು ದಿನ ನಡೆಯಬೇಕಿದ್ದ ಓದಿನ ನೆರವು ಎರಡೇ ದಿನ ನಡೆದಿದ್ದರೆ ಕಾರ್ಯಕ್ರಮ ಸೋತಿತೆಂದು ಹೇಳಲು ಬರುವುದಿಲ್ಲ. ಅಕ್ಟೋಬರ್ ಎಣಿಕೆ ಕೈಸೇರಿದ ವಾರ ಹಳೆಯ ಅಂದಾಜನ್ನು ಪಕ್ಕದಲ್ಲಿಟ್ಟುಕೊಂಡು ಶಾಲೆವಾರು ವ್ಯತ್ಯಾಸವನ್ನು ಬರೆದಿಡಿ. ಯಾವ ಕ್ರಮವನ್ನು ಏಕೆ ಕೈಬಿಡಲಾಯಿತೆಂಬುದನ್ನೂ ಅದೇ ಕಡತದಲ್ಲಿ ದಾಖಲಿಸಿ, ಏಕೆಂದರೆ ಜಿಲ್ಲೆಯ ಮುಖ್ಯಾಧಿಕಾರಿಯಾಗಿ ಮುಂದಿನ ಸೂಪರಿಂಟೆಂಡೆಂಟ್ ಬಂದಾಗ ಅದೇ ಕ್ರಮ ಹೊಸ ಹೆಸರಿನಲ್ಲಿ ಮತ್ತೆ ಮೇಜಿನ ಮೇಲೆ ಬರಬಹುದು, ಆಗ ಈ ಕಡತವನ್ನು ತೆರೆದು ತೋರಿಸಬೇಕಾಗುತ್ತದೆ.