ಗೋಡೆಗೆ ಮೊದಲು ಅಂಗಳದಲ್ಲಿ ಚುಕ್ಕಿ ಇಡಿಸಿ

ವಿದ್ಯಾರ್ಥಿ ಕಲಾವಿದರನ್ನು ಕರೆದುಕೊಂಡು ಊರಿನ ಗೋಡೆಗೆ ಚಿತ್ರ ಬರೆಸಲು ಹೊರಟವರು ನಕ್ಷೆ ಸಿದ್ಧಮಾಡಿಕೊಂಡು ಹೋಗಬೇಡಿ. ಅದೇ ಗೋಡೆಯ ಬುಡದಲ್ಲಿ ನೆಲ ಸಾರಿಸಿ, ಅಲ್ಲಿನ ಹೆಂಗಸರ ಕೈಗೆ ರಂಗೋಲಿ ಪುಡಿ ಕೊಡಿ. ಅವರು ಇಟ್ಟ ಚುಕ್ಕಿಗಳನ್ನು ಎಣಿಸಿ, ಅಷ್ಟೇ ಚುಕ್ಕಿಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಇಡಿ. ನೆಲದಲ್ಲಿ ಎರಡು ಬೆರಳಿನ ಅಂತರವಿದ್ದರೆ ಗೋಡೆಯಲ್ಲಿ ಒಂದು ಗೇಣು. ಎಣಿಕೆ ಬದಲಾಗದ್ದರಿಂದ ಚಿತ್ರ ಎಷ್ಟು ದೊಡ್ಡದಾದರೂ ರಂಗೋಲಿ ಹಾಕಿದಾಕೆಗೆ ಅದರ ದಾರಿ ಗೊತ್ತಿರುತ್ತದೆ. "ಇಲ್ಲಿ ಎಳೆ ತಪ್ಪಿತು ಕಣೋ ಮಗಾ" ಎಂದು ವಿದ್ಯಾರ್ಥಿಯನ್ನು ತಿದ್ದುವವಳು ಅವಳೇ ಆಗುತ್ತಾಳೆ. ಕುಂಚ ಕೊಟ್ಟರೆ "ನಮಗೆಲ್ಲಿ ಬರುತ್ತೆ" ಎಂದು ಹಿಂದೆ ಸರಿಯುವವರೂ, ಒರೆಸಿ ಮತ್ತೆ ಹಾಕಬಹುದಾದ ಪುಡಿಗೆ ಅಂಜುವುದಿಲ್ಲ. ಚುಕ್ಕಿಯಿಲ್ಲದ ಬಳ್ಳಿ ರಂಗೋಲಿಗೆ ಈ ಲೆಕ್ಕ ನಡೆಯದು. ರಂಗೋಲಿ ಹಾಕದ ಮನೆಗಳಿರುವ ಬೀದಿಯಲ್ಲಿ ಒತ್ತಾಯ ಬೇಡ. ಮೆಹೆಂದಿಯೋ ಕಸೂತಿಯೋ, ಅವರ ಕೈಗೆ ಒಗ್ಗಿದ್ದು ಯಾವುದೆಂದು ಕೇಳಿ. ಸಾಗರ, ಸೊರಬದ ಕಡೆ ದೀವರು ಸಮುದಾಯದವರ ಮನೆಗಳಿಗೆ ಹೋದರಂತೂ ಇದನ್ನೆಲ್ಲ ಬಿಟ್ಟುಬಿಡಿ. ಮನೆಯ ಗೋಡೆಗೇ ಹಸೆ ಚಿತ್ತಾರವೆಂಬ ಸಾಂಪ್ರದಾಯಿಕ ಚಿತ್ರ ಬರೆಯುವ ಅಲ್ಲಿನ ಅಜ್ಜಿಯರಿಗೆ ಗೋಡೆಯೇನು ಹೊಸತಲ್ಲ. ಗೋಡೆಯನ್ನು ಅವರಿಗೇ ಒಪ್ಪಿಸಿ, ವಿದ್ಯಾರ್ಥಿಗಳು ಕೆಮ್ಮಣ್ಣು ಕಲಸಲಿ, ಬಿಳಿಗೆ ಅಕ್ಕಿ ಅರೆಯಲಿ, ಕಪ್ಪಿಗೆ ಅಕ್ಕಿ ಹುರಿಯಲಿ, ಪುಂಡಿ ನಾರಿನ ಕುಂಚ ಕಟ್ಟಲು ಕಲಿಯಲಿ. ಎಲ್ಲಿಗೇ ಹೋದರೂ ಸಂಜೆ ನಾಲ್ಕರ ಮೇಲೆ ಹೋಗಿ. ನಾಟಿ, ಕೊಯ್ಲಿನ ದಿನಗಳಲ್ಲಿ ಬೇಡವೇ ಬೇಡ, ಆಗ ಊರಿಗೆ ಊರೇ ಗದ್ದೆಯಲ್ಲಿರುತ್ತದೆ.